ಸತ್ಯಾಂಶ: ಸೈಕಲ್ ಗುದ್ದಿದರೆ ಕೇಸ್ ಆಗಲ್ವಾ?

‘ಸೈಕಲ್‌ಗೆ ಲೈಸೆನ್ಸ್ ಇಲ್ಲ, ನಂಬರ್ ಪ್ಲೇಟ್ ಇಲ್ಲ. ಫುಟ್‌ಪಾತ್‌ನಲ್ಲಿ ಯಾರಿಗೆ ಗುದ್ದಿದರೂ ಕೇಸ್ ಆಗಲ್ಲ’ ಎಂಬ ಮೆಸೇಜ್ ಗ್ರೂಪುಗಳಲ್ಲಿ ಓಡಾಡುತ್ತಿದೆ.

ಮೊದಲ ಮಾತು ನಿಜ. ಸೈಕಲ್ ಮೋಟಾರು ವಾಹನ ಅಲ್ಲ, ಅದಕ್ಕೇ ಲೈಸೆನ್ಸ್ ಬೇಡ. ಎರಡನೆಯದು ಸುಳ್ಳು. ಈಗಿನ ಅಪರಾಧ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್‌ನಲ್ಲಿರುವುದು ‘ಯಾವುದೇ ವಾಹನ’ ಎಂದು. ಸಾರ್ವಜನಿಕ ದಾರಿಯಲ್ಲಿ ಜನರಿಗೆ ಪೆಟ್ಟಾಗುವ ಹಾಗೆ ಅಡ್ಡಾದಿಡ್ಡಿ ಓಡಿಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೆಟ್ಟು ಬಿದ್ದಿರಲೇಬೇಕು ಅಂತೇನಿಲ್ಲ. 2024ರ ಜುಲೈಗೆ ಮುಂಚೆ ಇದ್ದ ಹಳೆಯ ಕಾನೂನು ಐಪಿಸಿಯ 279ನೇ ಸೆಕ್ಷನ್ ಕೂಡ ಇದನ್ನೇ ಹೇಳುತ್ತಿತ್ತು.

ಹಾಗಂತ ಸೈಕಲ್‌ನವರನ್ನು ಸುಮ್ನೆ ಬೈಯಬೇಡಿ. ಹಿಂದೆ ಬಸ್ಸು ಹಾರ್ನ್ ಹೊಡೆದಾಗ ಫುಟ್‌ಪಾತ್‌ನ ಹೂವಿನ ಬುಟ್ಟಿಗಳ ಪಕ್ಕಕ್ಕೆ ಹತ್ತದೆ ಇನ್ನೆಲ್ಲಿ ಹೋಗಬೇಕು? ಹತ್ತಿದ ಮೇಲೆ ಇಳಿದು ತಳ್ಳಿಕೊಂಡು ಹೋದರೆ ತಕರಾರಿಲ್ಲ. ಫುಟ್‌ಪಾತ್ ಮೇಲೆ ಬೈಕ್ ನುಗ್ಗಿಸುವವರಿಗೆ ಮಾತ್ರ ಆ ನೆಪವೂ ಇಲ್ಲ.