ಸತ್ಯಾಂಶ: ಟವರ್ ಹತ್ತಿರವಿದ್ದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆಯೇ?

‘ಮನೆ ಪಕ್ಕ ಟವರ್ ಇದ್ದರೆ ಫೋನಿನ ಬ್ಯಾಟರಿ ಬೇಗ ಮುಗಿಯುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸುಳ್ಳು. ವಾಸ್ತವ ಇದಕ್ಕೆ ತದ್ವಿರುದ್ಧ.

ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬೇಕೆಂದು ಟವರ್ ಫೋನಿಗೆ ಸೆಕೆಂಡಿಗೆ ಹಲವು ಬಾರಿ ಸೂಚಿಸುತ್ತಿರುತ್ತದೆ. ಸಿಗ್ನಲ್ ಚೆನ್ನಾಗಿದ್ದರೆ ಅತ್ಯಲ್ಪ ಶಕ್ತಿ ಸಾಕು. ಒಂದೇ ಕಡ್ಡಿ ಕಾಣುವ ಮಲೆನಾಡಿನ ಕಣಿವೆಯಲ್ಲಿ ಅದೇ ಫೋನ್ ತನ್ನ ಗರಿಷ್ಠ ಮಿತಿಯವರೆಗೆ, ಅಂದರೆ 4ಜಿಯಲ್ಲಿ ಸಾಮಾನ್ಯವಾಗಿ 200 ಮಿಲಿವಾಟ್‌ವರೆಗೆ, ಏರಬೇಕಾಗುತ್ತದೆ. ಜೇಬಿನಲ್ಲಿ ಫೋನ್ ಬಿಸಿಯಾಗುವುದಕ್ಕೆ ಇದೂ ಒಂದು ಕಾರಣ.

ಟವರ್ ಬಳಿಯೇ ಸರ್ವರ್ ಇಟ್ಟು, ಫೋನಿನ ಭಾರೀ ಲೆಕ್ಕಾಚಾರವನ್ನು ಅದಕ್ಕೆ ವಹಿಸುವ ಎಡ್ಜ್ ಕಂಪ್ಯೂಟಿಂಗ್‌ಗೂ ಇದೇ ನಿಯಮ ಅನ್ವಯಿಸುತ್ತದೆ. ಸಿಗ್ನಲ್ ಗಟ್ಟಿಯಿದ್ದರೆ ಬ್ಯಾಟರಿ ಉಳಿಯುತ್ತದೆ. ದುರ್ಬಲವಿದ್ದರೆ, ಲೆಕ್ಕಾಚಾರಕ್ಕೆಂದು ವಿಡಿಯೊದಂಥ ದತ್ತಾಂಶವನ್ನು ಆ ಸರ್ವರ್‌ಗೆ ಕಳುಹಿಸಲು ತಗಲುವ ವಿದ್ಯುತ್ತೇ, ಫೋನ್ ತಾನಾಗಿ ಲೆಕ್ಕ ಮುಗಿಸಲು ಬೇಕಾದುದನ್ನು ಮೀರಬಹುದು.