ಸಂಜೆ ಹೊತ್ತಿನ ಕೋರ್ಟ್ ಯಾರಿಗೆ?

ಟೆನಿಸ್‌ಗೆ ಹೆಸರಾದ ಹಳೇ ಶಾಲೆಗೆ ಹೋದರೆ ಮೊದಲು ಗೋಡೆ ತೋರಿಸುತ್ತಾರೆ. ಗೆದ್ದವರ ಹೆಸರು, ಸಾಲು ಸಾಲು ಟ್ರೋಫಿ ಕಪ್‌ಗಳು. ನಾನಾದರೆ ಕೋರ್ಟಿನ ಟೈಮ್‌ಟೇಬಲ್ ಕೇಳುತ್ತೇನೆ. ಬಿಸಿಲು ಇಳಿದ ಮೇಲೆ ಕೋರ್ಟ್ ಯಾರಿಗೆ? ಹೊಸ ಬಾಲಿನ ಡಬ್ಬ ಯಾರಿಗೆ ಒಡೆಯುತ್ತಾರೆ? ಹುಡುಗರು ಆಡಿ ಸವೆಸಿದ ಬಾಲು ಹುಡುಗಿಯರ ಬುಟ್ಟಿಗೆ ಬೀಳುತ್ತಿದ್ದರೆ ಆ ಗೋಡೆ ನೋಡಿ ನನಗೇನೂ ಅನಿಸುವುದಿಲ್ಲ.

"ಮೊದಲಿಂದ ಹೀಗೇ ನಡ್ಕೊಂಡು ಬಂದಿದೆ" ಅನ್ನುವವರು ಎಲ್ಲ ಕಡೆ ಇರುತ್ತಾರೆ. ಇಂಗ್ಲೆಂಡಿನ ದೊಡ್ಡ ಟೆನಿಸ್ ಟೂರ್ನಿ ವಿಂಬಲ್ಡನ್‌ನಲ್ಲೂ ಇದ್ದರು. 1877ರಲ್ಲಿ ಶುರುವಾದ ಟೂರ್ನಿಗೆ ಹೆಂಗಸರು ಬಂದಿದ್ದು 1884ರಲ್ಲಿ. ಯುಎಸ್ ಓಪನ್ 1973ರಲ್ಲೇ ಇಬ್ಬರಿಗೂ ಸಮ ಬಹುಮಾನ ಕೊಟ್ಟರೆ, ವಿಂಬಲ್ಡನ್ 2007ರವರೆಗೆ ಎಳೆಯಿತು. ಅಮೆರಿಕದ ಆಟಗಾರ್ತಿ ಬಿಲ್ಲಿ ಜೀನ್ ಕಿಂಗ್ ಗೆದ್ದರೂ ಅಲ್ಲಿನ ಬೋರ್ಡಿನಲ್ಲಿ ಗಂಡನ ಇನಿಷಿಯಲ್ಸ್ ಹಾಕಿ 'ಮಿಸೆಸ್ ಎಲ್. ಡಬ್ಲ್ಯು. ಕಿಂಗ್' ಅಂತ ಬರೆದಿದ್ದರು! ಬಿಳಿ ಸ್ಕರ್ಟಿನ ಒಳಗೆ ಗಾಢ ಬಣ್ಣದ ಶಾರ್ಟ್ಸ್ ಹಾಕಲು ಬಿಟ್ಟಿದ್ದು 2023ರಲ್ಲಿ. ಮುಟ್ಟಿನ ದಿನ ಬಿಳಿ ಬಟ್ಟೆಯಲ್ಲಿ ಓಡುವ ಹುಡುಗಿಯ ತಲೆಯಲ್ಲಿ ಏನು ಓಡುತ್ತಿರುತ್ತದೆ ಅಂತ ಯೋಚಿಸಲು ಅಷ್ಟು ವರ್ಷ ಬೇಕಾಯ್ತು. ಶಾಲೆಗಳು ಈ ಬಟ್ಟೆಯ ನಿಯಮವನ್ನು ಇವತ್ತೇ ಬದಲಿಸಬಹುದು, ದುಡ್ಡೂ ಖರ್ಚಾಗುವುದಿಲ್ಲ.

ಇನ್ನು ಆಟ. ಹುಡುಗಿಯರ ತಂಡದ ಸ್ಥಿತಿ ತಿಳಿಯಬೇಕಾದರೆ ಸೆಕೆಂಡ್ ಸರ್ವ್, ಅಂದರೆ ಮೊದಲ ಸರ್ವ್ ತಪ್ಪಿದಾಗ ಸಿಗುವ ಎರಡನೇ ಅವಕಾಶ, ನೋಡಿ. ಸರ್ವ್ ಅಂದರೆ ತಲೆ ಮೇಲಿಂದ ಕೈ ಬೀಸಿ ಎಸೆಯುವ ಚಲನೆಯೇ. ಚಿಕ್ಕಂದಿನಲ್ಲಿ ಬಾಲು ಎಸೆದು ಬೆಳೆದ ಮಗುವಿಗೆ ಅರ್ಧ ಸರ್ವ್ ಬಂದೇ ಇರುತ್ತದೆ. ಎಷ್ಟೋ ಹುಡುಗಿಯರಿಗೆ ಎಸೆಯಲು ಯಾರೂ ಹೇಳಿಕೊಟ್ಟಿರುವುದಿಲ್ಲ. ಅವರು ರಾಕೆಟ್ಟಿನ ಮುಖವನ್ನು ನೇರ ಮುಂದಕ್ಕಿಟ್ಟು ಬಾಲನ್ನು ಸುಮ್ನೆ ಆಚೆ ತಳ್ಳುತ್ತಾರೆ. ಬಾಲು ಎದುರಿನ ಸರ್ವ್ ಬಾಕ್ಸ್ ಒಳಗೇ ಬೀಳುತ್ತದೆ, ಸಣ್ಣ ಮ್ಯಾಚ್ ಗೆಲ್ಲುತ್ತಾರೆ ಕೂಡ. ಮುಂದೆ ಗಟ್ಟಿ ಆಟಗಾರ್ತಿ ಎದುರಾದಾಗ ಅದೇ ಸರ್ವ್ ಮೇಲೆ ಏಟು ತಿನ್ನುತ್ತಾರೆ.

ಸರಿ ಮಾಡಬೇಕಾದರೆ ಹಿಡಿತ ಬದಲಿಸಬೇಕು, ಸುತ್ತಿಗೆ ಹಿಡಿದ ಹಾಗೆ ರಾಕೆಟ್ ಹಿಡಿಯುವ ಕಾಂಟಿನೆಂಟಲ್ ಗ್ರಿಪ್ ಕಲಿಸಬೇಕು. ಆಗ ವಾರಗಟ್ಟಲೆ ಬಾಲು ನೆಟ್ಟಿಗೇ ಹೋಗುತ್ತದೆ. ಎರಡೂ ಸರ್ವ್ ತಪ್ಪಿ ಪಾಯಿಂಟ್ ಕಳೆದುಕೊಳ್ಳುವ ಡಬಲ್ ಫಾಲ್ಟ್ ಮೇಲೆ ಡಬಲ್ ಫಾಲ್ಟ್. ಈ ವರ್ಷದ ಕಪ್ಪಿನ ಮೇಲೇ ಕಣ್ಣಿಟ್ಟ ಕೋಚ್ "ಬೇಡ ಬಿಡು, ಮೊದಲಿನ ಹಾಗೇ ಆಡು" ಅಂದುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಹೊಸ ಶಾಲೆಗೆ ಹೆಸರು ಮಾಡುವ ಅವಸರ ಇರುತ್ತದೆ, ಒಪ್ಪೋಣ. ಗೋಡೆ ತುಂಬಾ ಹೆಸರಿರುವ ಶಾಲೆಗೆ ಒಂದು ಸೀಸನ್ ಸೋತರೆ ಏನು ಕಳೆದುಹೋಗುತ್ತದೆ? ಅಷ್ಟು ತಾಳ್ಮೆ ತೋರಿಸಲಾಗದ ಮೇಲೆ ಹಳೇ ಹೆಸರಿದ್ದು ಏನು ಉಪಯೋಗ, ಅಲ್ವಾ?

ಮಗಳನ್ನು ಇಂಥ ಶಾಲೆಗೆ ಸೇರಿಸುವವರು ಟಾಪ್ ಆಟಗಾರ್ತಿಯ ಬಗ್ಗೆ ಜಾಸ್ತಿ ಕೇಳಬೇಡಿ. ಅವಳು ಎಲ್ಲಿದ್ದರೂ ಆಡುತ್ತಾಳೆ. ತಂಡದ ಕೊನೆಯ ಹುಡುಗಿಗೆ ವಾರಕ್ಕೆ ಎಷ್ಟು ಹೊತ್ತು ಕೋರ್ಟ್ ಸಿಗುತ್ತದೆ, ಅವಳ ಸರ್ವ್ ನೋಡುವವರು ಯಾರು ಅಂತ ಕೇಳಿ.