ಮಾಮನ ಬೆರಳು, ಮಷೀನಿನ ತೊಟ್ಟಿ

ಕಳೆದ ತಿಂಗಳು ಬೈಲಹೊಂಗಲ ಕಡೆಯ ನಮ್ಮ ಮಾಮನ ಬಲಗೈಯ ಎರಡು ಬೆರಳು ಹೋದವು. ಮೇವು ಕತ್ತರಿಸುವ ಕುಟ್ಟಿ ಮಷೀನಿಗೆ ಸಿಕ್ಕು. ಸಂಜೆ ಹೊತ್ತು, ಎಮ್ಮೆಗಳಿಗೆ ಮೇವು ಹಾಕುವ ಅವಸರ, ಕಣಕಿಯ, ಅಂದರೆ ಒಣಗಿದ ಜೋಳದ ದಂಟಿನ, ಒಂದು ಹಿಡಿ ಮಷೀನಿನ ಬಾಯಲ್ಲಿ ಸಿಕ್ಕಿಕೊಂಡಿತ್ತು, ಕೈಯಿಂದ ಒಂಚೂರು ಒಳಗೆ ನೂಕಿದರು, ಅಷ್ಟೇ. ಆಸ್ಪತ್ರೆಗೆ ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. "ಲಕ್ಷ್ಯ ಕೊಟ್ಟು ಹಾಕಬೇಕಿತ್ತಪಾ." ಮಾಮ ಕೂಡ ತಲೆ ಅಲ್ಲಾಡಿಸಿ "ಹೌದು, ನಂದ ತಪ್ಪು" ಅಂದರು. ನನಗೆ ಸಿಟ್ಟು ಬಂದಿದ್ದು ಆಗ. 30 ವರ್ಷದಿಂದ ದಿನಾ ಎರಡು ಹೊತ್ತು ಮೇವು ಕತ್ತರಿಸಿದ ಮನುಷ್ಯನಿಗೆ ಲಕ್ಷ್ಯ ಇರಲಿಲ್ಲವಂತೆ!

ಮರುದಿನ ಅವರ ಮನೆಗೆ ಹೋಗಿ ಮಷೀನು ನೋಡಿದೆ. ಮೇವು ಇಡುವ ತೊಟ್ಟಿ ನನ್ನ ಮೊಳಕೈಯಷ್ಟೂ ಉದ್ದ ಇಲ್ಲ. ಅದರ ತುದಿಗೇ ಹಲ್ಲಿನ ಎರಡು ರೋಲರ್, ಅದರ ಹಿಂದೆಯೇ ಬ್ಲೇಡು. ಮೇಲೆ ಮುಚ್ಚಳ ಇಲ್ಲ. ರೋಲರ್ ಒಮ್ಮೆ ಹಿಡಿದರೆ ಬಿಡುವುದಿಲ್ಲ, ಎಳೆದುಕೊಳ್ಳುವುದೇ ಅದರ ಕೆಲಸ. ಸ್ವಿಚ್ಚು ಗೋಡೆಯ ಮೇಲೆ, ಆರು ಹೆಜ್ಜೆ ಆಚೆ. ಯಾರೋ ಓಡಿ ಹೋಗಿ ಆಫ್ ಮಾಡಿದರೂ ಆ ಭಾರದ ಚಕ್ರ ತನ್ನ ವೇಗಕ್ಕೆ ಇನ್ನಷ್ಟು ಸುತ್ತು ಹಾಕಿಯೇ ನಿಲ್ಲುತ್ತದೆ. ಪಕ್ಕಕ್ಕೆ ಕೆಂಪು ಸ್ಟಿಕ್ಕರ್ ಒಂದಿತ್ತು, 'ಡೇಂಜರ್' ಅಂತ. ಅದೂ ಇಂಗ್ಲಿಷಿನಲ್ಲಿ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ 14 ವರ್ಷದಿಂದ ತಗಡಿನ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ತಗಡು ಕತ್ತರಿಸುವ ಪವರ್ ಪ್ರೆಸ್ಸಿಗೆ ಎರಡು ಬಟನ್ ಇವೆ, ನಡುವೆ ಮೊಳ ದೂರ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುತ್ತದೆ. ಎರಡೂ ಕೈ ಬಟನ್ ಮೇಲಿದ್ದರೆ ಡೈ, ಅಂದರೆ ಕತ್ತರಿಸುವ ಅಚ್ಚಿನ, ಕೆಳಗೆ ಇಡಲು ಮೂರನೇ ಕೈ ಎಲ್ಲಿಂದ ಬರಬೇಕು? ಕೆಲಸಗಾರ ಮುಂಜಾನೆ ಮನೆಯಲ್ಲಿ ಜಗಳ ಮಾಡಿ ಬಂದಿರಲಿ, ರಾತ್ರಿಯೆಲ್ಲ ನಿದ್ದೆಗೆಟ್ಟಿರಲಿ, ಕೈ ಉಳಿಯುತ್ತದೆ. ಇನ್ನು ಕೇಳಿ. ಅದೇ ಪ್ರೆಸ್ಸಿನಲ್ಲಿ ಕತ್ತರಿಸಿದ ತಗಡೇ ಕುಟ್ಟಿ ಮಷೀನಿನ ತೊಟ್ಟಿಯಾಗಿ ಹೊರಗೆ ಹೋಗುತ್ತದೆ. ಮಾಡುವವನ ಕೈಗೆ ಎರಡು ಬಟನ್ ಕಾವಲು. ಬಳಸುವವನಿಗೆ ಸ್ಟಿಕ್ಕರ್!

ಕಾನೂನೂ ಹೀಗೇ ಗೇಟಿನ ಹತ್ತಿರ ನಿಂತುಬಿಡುತ್ತಿತ್ತು. 1948ರ ಕಾರ್ಖಾನೆ ಕಾಯ್ದೆಯ 26ನೇ ಕಲಂ ಪ್ರಕಾರ ಗೇರುಗಳಿಗೆ ಕವಚವಿಲ್ಲದ ಮಷೀನು ಮಾರಿದವನಿಗೂ ಶಿಕ್ಷೆ ಇತ್ತು, ಆದರೆ ಅದು ಕಾರ್ಖಾನೆಯಲ್ಲಿ ಬಳಸಲು ಮಾರಿದ್ದರೆ ಮಾತ್ರ. ರೈತನ ಹಿತ್ತಲು ಕಾರ್ಖಾನೆ ಅಲ್ವಲ್ಲ. ತೆನೆಯಿಂದ ಕಾಳು ಬಿಡಿಸುವ ರಾಶಿ ಮಷೀನಿಗೆ ಕೈ ಕೊಟ್ಟವರು ಜಾಸ್ತಿ ಆದ ಮೇಲೆ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು. ರಾಶಿ ಮಷೀನಿನ ತೊಟ್ಟಿ 90 ಸೆಂಟಿಮೀಟರಿಗೆ ಕಮ್ಮಿ ಇರಬಾರದು, ಅದರಲ್ಲಿ ಅರ್ಧ, ಅಂದರೆ 45 ಸೆಂಟಿಮೀಟರ್, ಮುಚ್ಚಿರಬೇಕು ಅಂತ ಸರ್ಕಾರಿ ಮಾನಕವೂ ಇದೆ. ತೋಳು ಪೂರ್ತಿ ಚಾಚಿದರೂ ಒಳಗೆ ಮುಟ್ಟಬಾರದು ಅನ್ನುವ ಲೆಕ್ಕ. ಎಷ್ಟು ಸರಳ ನೋಡಿ, ಒಂದು ಉದ್ದ ತಗಡು.

ಸೇಫ್ಟಿ ತರಬೇತಿಯಲ್ಲಿ ಮೊದಲ ದಿನವೇ ಹೇಳಿಕೊಡುವ ಒಂದು ಕ್ರಮ ಇದೆ. ಮೊದಲು ಅಪಾಯವನ್ನೇ ತೆಗೆಯಿರಿ. ಆಗದಿದ್ದರೆ ಕಡಿಮೆ ಅಪಾಯದ್ದನ್ನು ತನ್ನಿ. ಅದೂ ಆಗದಿದ್ದರೆ ನಡುವೆ ತಡೆ ಹಾಕಿ. ಬೋರ್ಡು, ನಿಯಮ, ತರಬೇತಿ ಆಮೇಲೆ. ಹೆಲ್ಮೆಟ್ಟು, ಕೈಗವಸು ಕೊನೆಗೆ. ನಮ್ಮಲ್ಲಿ ಇದನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. "ಕೈಗವಸು ಹಾಕ್ಕೊಂಡಿದ್ರ ಬೆರಳು ಉಳೀತಿದ್ವು" ಅಂತ ಒಬ್ಬರು ಅಂದರು. ಸುಮ್ನೆ ಕೇಳಿಸಿಕೊಂಡೆ. ರೋಲರ್ ಮುಂದೆ ಕೈಗವಸು ಹಾಕಿದ್ದರೆ ಅದರ ತುದಿ ಇನ್ನೂ ಬೇಗ ಸಿಕ್ಕು ಇಡೀ ಅಂಗೈ ಹೋಗುತ್ತಿತ್ತು.

ಒಳ್ಳೆಯ ವಸ್ತುಗಳು ಮನೆಯಲ್ಲೇ ಇವೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮೂರು ಪಿನ್ನಿನ ಪ್ಲಗ್ ಕೈಯಲ್ಲಿ ಹಿಡಿದು ನೋಡಿ. ಶಾಕ್‌ನಿಂದ ಕಾಯುವ ಅರ್ಥಿಂಗ್ ಪಿನ್ ಮಿಕ್ಕ ಎರಡಕ್ಕಿಂತ ಉದ್ದ. ಚುಚ್ಚುವಾಗ ಅದು ಮೊದಲು ಕೂಡುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ಒಳಮುಚ್ಚಳದ ಕುಕ್ಕರ್ ಇನ್ನೂ ಚಂದ. ಒಳಗಿನ ಹಬೆಯೇ ಮುಚ್ಚಳವನ್ನು ಮೇಲಿನ ಅಂಚಿಗೆ ಒತ್ತಿ ಹಿಡಿದಿರುತ್ತದೆ, ಹಬೆ ಇಳಿಯುವ ತನಕ ಮುಚ್ಚಳ ಜಗ್ಗುವುದೇ ಇಲ್ಲ. ನಮ್ಮವ್ವನಿಗೆ ಇದರ ವಿಜ್ಞಾನ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಜಪಾನಿನ ಶಿಗೆಯೊ ಶಿಂಗೊ ಕಾರ್ಖಾನೆಗಳಲ್ಲಿ ತಪ್ಪು ತಡೆಯುವ ಇಂಥ ಉಪಾಯಗಳನ್ನು ಮಾಡುತ್ತಿದ್ದರು. ಒಂದು ಸ್ವಿಚ್ಚಿನಲ್ಲಿ ಎರಡು ಸ್ಪ್ರಿಂಗ್ ಇಡುವುದನ್ನು ಕೆಲಸಗಾರರು ಮರೆಯುತ್ತಿದ್ದರು. 1961ರಲ್ಲಿ ಶಿಂಗೊ ಹೇಳಿದ್ದು, ಮೊದಲು ಎರಡೂ ಸ್ಪ್ರಿಂಗ್ ಒಂದು ಚಿಕ್ಕ ತಟ್ಟೆಗೆ ಹಾಕಿಕೊಳ್ಳಿ ಅಂತ. ತಟ್ಟೆಯಲ್ಲಿ ಒಂದು ಉಳಿದಿದ್ದರೆ ಮರೆತದ್ದು ಅಲ್ಲೇ ಗೊತ್ತಾಗುತ್ತದೆ. ಇದಕ್ಕೆ ಮೊದಲು 'ಬಾಕಾ ಯೋಕೆ' ಅನ್ನುತ್ತಿದ್ದರು, ದಡ್ಡರ ತಪ್ಪು ತಡೆಯುವುದು ಅಂತ. ಒಂದು ಕಾರ್ಖಾನೆಯಲ್ಲಿ ಹೆಣ್ಣುಮಗಳೊಬ್ಬಳು 'ನಾನೇನು ದಡ್ಡಳಾ' ಅಂತ ಅತ್ತುಬಿಟ್ಟಳಂತೆ. ಆಮೇಲೆ ಅದು 'ಪೋಕಾ ಯೋಕೆ' ಆಯಿತು. ಪೋಕಾ ಅಂದರೆ ಯಾರಿಗಾದರೂ ಆಗುವ ಕೈತಪ್ಪು. ನಮ್ಮ ಮಾಮ ಇನ್ನೂ ಬಾಕಾದಲ್ಲೇ ಇದ್ದಾರೆ.

ಇದನ್ನೆಲ್ಲ ನಮ್ಮ ಮಾಲಕರ ಮುಂದೆ ಇಟ್ಟೆ. "ಗಾರ್ಡ್ ಹಾಕಿದ್ರ ರೈತರು ಬಿಚ್ಚಿ ಒಗೀತಾರ" ಅಂದರು. ನಿಜ, ಒಗೆಯುತ್ತಾರೆ. ಯಾಕೆ ಅಂತ ಯಾರೂ ಹೋಗಿ ನೋಡುವುದಿಲ್ಲ. ಬ್ಲೇಡು ಮೊಂಡಾದಾಗೆಲ್ಲ ಮಸೆಯಬೇಕು. ಪ್ರತಿ ಸಲ 13 ನಂಬರ್ ಪಾನಾ ಹುಡುಕಿ ಗಾರ್ಡಿನ ನಾಲ್ಕು ಬೋಲ್ಟ್ ಬಿಚ್ಚಬೇಕು. ಎರಡನೇ ಸಲಕ್ಕೆ ಒಂದು ಬೋಲ್ಟ್ ಸಗಣಿಯಲ್ಲಿ ಕಳೆದುಹೋಗುತ್ತದೆ, ಮೂರನೇ ಸಲಕ್ಕೆ ಗಾರ್ಡು ಕೋಳಿಗೂಡಿನ ಬಾಗಿಲಾಗುತ್ತದೆ. ಅದು ರೈತನ ತಪ್ಪಾ? ಮುಚ್ಚಳಕ್ಕೆ ಬಿಜಾಗರಿ ಹಾಕಿ, ಕೈಯಿಂದಲೇ ತಿರುವುವ ದೊಡ್ಡ ನಟ್ಟು ಇಟ್ಟರೆ ಯಾರೂ ಬಿಚ್ಚಿ ಒಗೆಯುವುದಿಲ್ಲ. ತೆರೆದರೆ ಮೋಟರ್ ನಿಲ್ಲುವ ಸ್ವಿಚ್ಚೂ ಇರಲಿ ಅಂತ ನನ್ನ ವಾದ. ಹೊಟ್ಟಿನ ಧೂಳಿಗೆ ಅದು ಒಂದು ವರ್ಷ ಬಾಳುವುದಿಲ್ಲ ಅಂತ ನಮ್ಮ ಎಲೆಕ್ಟ್ರಿಷಿಯನ್. ಜಗಳ ನಡೆದಿದೆ. ದೆಹಲಿ ಐಐಟಿಯ ದಿನೇಶ್ ಮೋಹನ್ ಮತ್ತು ಜೊತೆಯವರು ಉತ್ತರದ ಹಳ್ಳಿಗಳಲ್ಲಿ ಈ ಮಷೀನಿನ ಗಾಯಗಳನ್ನೇ ಹುಡುಕಿಕೊಂಡು ಹೋಗಿ, ಬ್ಲೇಡಿಗೆ ಗಾರ್ಡು, ಕೈ ಹತ್ತಿರ ಬಂದಿತೆಂದು ತಿಳಿಸುವ ಒಂದು ರೋಲರ್, ನಿಂತ ಚಕ್ರವನ್ನು ಮಕ್ಕಳು ತಿರುಗಿಸದಂತೆ ಒಂದು ಪಿನ್ನು ಮಾಡಿ ತೋರಿಸಿದ್ದರು. ಅದಕ್ಕೆ ದೊಡ್ಡ ಕಂಪನಿ ಬೇಕಿಲ್ಲ, ಉದ್ಯಮಬಾಗದ ಯಾವ ಶೆಡ್ಡಿನಲ್ಲೂ ಆಗುವ ಕೆಲಸ. ಗಿರಾಕಿ ಬಂದು ಮೋಟರ್ ಎಷ್ಟು ಎಚ್‌ಪಿ ಅಂತ ಕೇಳುತ್ತಾನೆ, ತೊಟ್ಟಿ ಎಷ್ಟು ಉದ್ದ ಅಂತ ಕೇಳುವುದಿಲ್ಲ. ಅವನು ಕೇಳದಿದ್ದರೂ ನಾವೇ ಮಾಡಬೇಕು ಅಲ್ವಾ?

ಹೋದ ಭಾನುವಾರ 90 ಸೆಂಟಿಮೀಟರಿನ ತೊಟ್ಟಿ ಮಾಡಿಸಿ ಟೆಂಪೋದಲ್ಲಿ ಹಾಕಿಕೊಂಡು ಹೋದೆ. ಸ್ವಿಚ್ಚು ಗೋಡೆಯಿಂದ ಕಿತ್ತು ತೊಟ್ಟಿಯ ಪಕ್ಕ ತಂದೆವು. ಈಗ ಮಷೀನು ಶೆಡ್ಡಿನಿಂದ ಹೊರಗೆ ಚಾಚಿದೆ, ಎಮ್ಮೆಗೆ ತಾಗುತ್ತದೆ ಅಂತ ಅತ್ತೆಯ ತಕರಾರು. ಕಣಕಿ ಚೆನ್ನಾಗಿ ಹೋಗುತ್ತದೆ. ಗಿಡ್ಡ ಹಸಿಹುಲ್ಲು ಮಾತ್ರ ಮುಚ್ಚಳದ ಕೆಳಗೆ ನಿಂತುಬಿಡುತ್ತದೆ. ನೂಕಲು ಅತ್ತೆ ಒಂದು ಕೋಲು ಹುಡುಕಿ, ಕಳೆದುಹೋಗಬಾರದು ಅಂತ ಹಗ್ಗದಿಂದ ತೊಟ್ಟಿಗೇ ಕಟ್ಟಿದ್ದರು. ಬರುವಾಗ ಆ ಹಗ್ಗವನ್ನು ರೋಲರ್‌ಗೆ ಮುಟ್ಟದಷ್ಟು ಗಿಡ್ಡ ಮಾಡಿ ಬಂದೆ.